ಧೂಳಿನ ಮೇಲೆ ಹೊರಿಸಿದ ಮಾತು

ಆ ಬೆಳಿಗ್ಗೆ ರೋಣದ ನಮ್ಮ ಮನೆಯ ಮಾಳಿಗೆಯ ಮೇಲೆ ನಿಂತು ನಾನು ಕನ್ನಡಿಯನ್ನು ಹೇಗೆ ತೋರಿಸಿದೆ ಎಂಬುದು ನನಗೆ ಖಚಿತವಿಲ್ಲ, ಗಿರಿಜಾ. ಬಹಳ ವರ್ಷ ಖಚಿತವಿದೆ ಎಂದುಕೊಂಡಿದ್ದೆ. ಒಮ್ಮೆ ಒಂದು ರೀತಿ ನೆನಪಾಗುತ್ತದೆ, ಇನ್ನೊಮ್ಮೆ ಇನ್ನೊಂದು ರೀತಿ — ಎರಡೂ ಅಷ್ಟೇ ಸ್ಪಷ್ಟ, ಎರಡರಲ್ಲೂ ಅದೇ ಬಿಸಿಲು, ಕೈಯಲ್ಲಿ ಅದೇ ಮೊರ. ಆದರೆ ಮರುದಿನ ಸಂಜೆ ನಿನ್ನ ಅಪ್ಪ ನಮ್ಮ ಬಾಗಿಲಲ್ಲಿ ನಿಂತು ಒಂದು ಪ್ರಶ್ನೆ ಕೇಳಿದಾಗ ನಾನು ಕೊಟ್ಟ ಉತ್ತರ ಮಾತ್ರ ಅಕ್ಷರಶಃ ನೆನಪಿದೆ. ಆ ಉತ್ತರದಿಂದ ನನ್ನ ತಪ್ಪನ್ನು ಎತ್ತಿ ಅವನ ಕಣ್ಣಿನ ಮೇಲೆ ಇಟ್ಟೆ. ಅವನು ಅದನ್ನು ಸಾಯುವವರೆಗೂ ಇಳಿಸಲಿಲ್ಲ.

‘ನಿಮ್ಮವ್ವ ಕರದಿದ್ಲು, ನಾ ನೋಡಲಿಲ್ಲ’ — ಇದು ನೀನು ಚಿಕ್ಕಂದಿನಿಂದ ಅವನ ಬಾಯಲ್ಲಿ ಕೇಳಿದ ಕಥೆ. ಆ ಕಥೆಯನ್ನು ಅವನಿಗೆ ಕೊಟ್ಟವನು ನಾನು, ನಿನ್ನ ಸೋದರಮಾವ.

ಮೊದಲಿನಿಂದ ಹೇಳುತ್ತೇನೆ. ನಡುವೆ ನಿಂತರೆ ಮತ್ತೆ ಶುರುಮಾಡುವ ಧೈರ್ಯ ಉಳಿಯಲಿಕ್ಕಿಲ್ಲ.

ನಿನ್ನ ಅಪ್ಪ ಚನಬಸಪ್ಪ ಮತ್ತು ನಾನು ಧಾರವಾಡದಲ್ಲಿ ಒಂದೇ ಸಾಲೆಯಲ್ಲಿ, ಒಂದೇ ಖೋಲಿಯಲ್ಲಿದ್ದು ಓದಿದವರು. ಅವನದು ಗಜೇಂದ್ರಗಡದಲ್ಲಿ ನೂಲು, ಸೀರೆ ವ್ಯಾಪಾರದ ಮನೆ. ನಮ್ಮದು ರೋಣದ ಪೇಟೆಯಲ್ಲಿ ಜೋಳ, ಕಡಲೆಯ ವ್ಯಾಪಾರ. ಸಾಲೆ ಮುಗಿದ ಮೇಲೆ ಅವನು ಅಂಗಡಿಯಲ್ಲಿ ಕೂತ. ನಾನು ಮುಂಬಯಿಯ ಕಾಲೇಜಿಗೆ ಹೋದೆ. ಮುಂದೆ ಅಲ್ಲಿ ಯೂನಿವರ್ಸಿಟಿ ಹೊಸದಾಗಿ ಆದಾಗ ಅದರ ಪರೀಕ್ಷೆಯನ್ನೂ ಮುಗಿಸಿದೆ. ನಿಸರ್ಗಶಾಸ್ತ್ರ ಕಲಿಸುವ ಮಾಸ್ತರರು ಮೇಜಿನ ಈ ತುದಿಯಲ್ಲಿ ಕೀಲಿ ಒತ್ತಿದರೆ ತಂತಿಯ ಆ ತುದಿಯಲ್ಲಿ ಮುಳ್ಳು ಅಲುಗುವುದನ್ನು ತೋರಿಸಿದ ದಿನ ನನಗೆ ನಿದ್ದೆ ಬರಲಿಲ್ಲ. ಸುದ್ದಿ ಒಯ್ಯುವ ಸರಕಾರದ ತಂತಿ ಆಗಷ್ಟೇ ನಮ್ಮ ಸೀಮೆಯ ಕಡೆಗೆ ಬರುತ್ತಿತ್ತು. ಆದರೆ ಅದು ಸರಕಾರದ್ದು. ನಮ್ಮದು ಎಂಬುದೊಂದು ಬೇಕಾಗಿತ್ತು ನನಗೆ.

ತಂತಿ ಎಲ್ಲಿಂದ ತರುವುದು? ದಾರಿ ಹೊಳೆದದ್ದು ನಿನ್ನ ಅಪ್ಪನಿಗೆ. ಹುಡುಗರಾಗಿದ್ದಾಗ ಒಮ್ಮೆ ಕಾಳಿನ ಬಂಡಿಗಳ ಜೊತೆ ನರಗುಂದದ ಪೇಟೆಗೆ ಹೋಗಿ ತಿರುಗಿ ಬರುವಾಗ, ಹಟ್ಟಹಗಲಿನಲ್ಲಿ ನರಗುಂದದ ಗುಡ್ಡದ ನೆತ್ತಿಯಲ್ಲಿ ಒಂದು ಚುಕ್ಕಿ ಉರಿಯುವುದನ್ನು ಕಂಡಿದ್ದೆವು. ಭೂಮಿ ಅಳೆಯುವ ಮಂದಿ ಅಲ್ಲಿ ಕನ್ನಡಿ ಇಟ್ಟು ಮತ್ತೊಂದು ಗುಡ್ಡದವರಿಗೆ ಗುರುತು ತೋರಿಸುತ್ತಿದ್ದರಂತೆ. ಬಂಡಿ ಹೊಡೆಯುವವನು ಕೈ ಮುಗಿದು ‘ದೇವರ ಕಣ್ಣು’ ಎಂದಿದ್ದ. ನಿನ್ನ ಅಪ್ಪ ಅದನ್ನು ಮರೆತಿರಲಿಲ್ಲ. ನಾನು ರಜೆಗೆ ಬಂದಾಗ ಅಂದ: “ಗುರ್ಯಾ, ನಿನಗ ತಂತಿ ಯಾಕ ಬೇಕು? ನಮ್ಮೂರಾಗ ಗುಡ್ಡ ಐತಿ, ನಿಮ್ಮೂರಾಗ ಮಾಳಿಗಿ ಐತಿ, ಮ್ಯಾಲೆ ಸೂರ್ಯಾ ಪುಗಸಟ್ಟೆ ಅದಾನ.”

ಹೀಗೆ ಶುರುವಾಯಿತು ನಮ್ಮ ಕನ್ನಡಿಯ ಹುಚ್ಚು. ರೋಣದಿಂದ ನೋಡಿದರೆ ಮೂಡಲ ಅಂಚಿನಲ್ಲಿ ಗಜೇಂದ್ರಗಡದ ಗುಡ್ಡ ಒಂದು ನೀಲಿ ಗೆರೆ. ನಡುವೆ ಎರೆಹೊಲ ಬಿಟ್ಟರೆ ಅಡ್ಡ ಏನೂ ಇಲ್ಲ. ಕನ್ನಡಿಯ ಬೆನ್ನಿನ ರಸ ಕೆರೆದು ನಡುವೆ ಕಡಲೆಕಾಳಿನಷ್ಟು ಕಿಂಡಿ ಮಾಡಿದೆವು. ಎದುರಿಗೆ ಒಂದು ಕೋಲು ನೆಟ್ಟು, ಕಿಂಡಿಯಲ್ಲಿ ನೋಡಿ, ಕೋಲಿನ ತುದಿ ಗುಡ್ಡಕ್ಕೆ ಸೇರುವಂತೆ ಹೊಂದಿಸಿದೆವು. ಬೆಳಕನ್ನು ಮುಚ್ಚಿ ತೆರೆಯಲು ನಾನು ಅವ್ವನ ಮೊರ ಹಿಡಿದೆ. ಓಣಿಯ ಮಂದಿಗೆ ಒಳ್ಳೇ ತಮಾಷೆ ಸಿಕ್ಕಿತು. “ಮಗಾ ಮುಂಬೈಗೆ ಹೋಗಿ ಶಾಣ್ಯಾ ಆಗಿ ಬರ್ತಾನಂದ್ರ, ಕನ್ನಡಿ ಮತ್ತ ಮೊರಾ ಹಿಡಕೊಂಡು ಕುಂತಾನಲ್ಲವಾ! ಇನ್ನ ಕೈಗೆ ಬಳಿ ಒಂದು ಇಡಸ್ರಿ” ಎಂದು ಎದುರುಮನೆಯ ಅಜ್ಜಿ ಅವ್ವನನ್ನು ಕಾಡುತ್ತಿದ್ದಳು.

ಈ ಆಟಕ್ಕೆ ಒಂದು ಕಟ್ಟಳೆ ತಾನಾಗಿಯೇ ಬಂತು. ಬೆಳಿಗ್ಗೆ ಸೂರ್ಯ ಮೂಡಲಲ್ಲಿ. ಆಗ ಮೂಡಲಕ್ಕೆ ಮುಖ ಮಾಡಿದ ನನ್ನ ಕನ್ನಡಿ ಚೆನ್ನಾಗಿ ಮಾತಾಡುತ್ತಿತ್ತು. ಹೊತ್ತು ಪಡುವಲಕ್ಕೆ ವಾಲಿದ ಮೇಲೆ ಅವನ ಕನ್ನಡಿಯ ಸರದಿ. ಹಾಗಾಗಿ ಬೆಳಿಗ್ಗೆ ರೋಣ ಹೇಳುವುದು, ಗಡ ಕೇಳುವುದು. ಮಧ್ಯಾಹ್ನದ ಮೇಲೆ ಗಡ ಹೇಳುವುದು, ರೋಣ ಕೇಳುವುದು. ಬೆಳಿಗ್ಗೆ ಆಡಿದ ಮಾತಿಗೆ ಸಂಶಯ ಬಂದರೆ ಕೂಡಲೇ ‘ಏನಂದಿ?’ ಎನ್ನುವಂತಿಲ್ಲ. ಅರ್ಧ ದಿನ ಕಾಯಬೇಕು. ಆಗ ಅದು ನಮಗೆ ಒಂದು ಕುಂದು ಅನ್ನಿಸಿರಲೇ ಇಲ್ಲ.

ಅಕ್ಷರಗಳಿಗೆಲ್ಲ ಗುರುತು ಮಾಡಿದ್ದೆವು, ಆದರೆ ಒಂದು ಸಾಲು ಕಳಿಸುವಷ್ಟರಲ್ಲಿ ಕಣ್ಣಲ್ಲಿ ನೀರು. ದಿನಬಳಕೆಗೆ ಎರಡೇ ಸಾಕಾದವು. ಮೂರು ಸಣ್ಣ ಮಿಣುಕು ಎಂದರೆ ‘ಕ್ಷೇಮ’. ಒಂದೇ ಒಂದು ಉದ್ದನೆಯ ಬೆಳಕು ಎಂದರೆ ‘ಹೊರಟು ಬಾ’. ಉದ್ದ ಎಂದರೆ ಎಷ್ಟು ಎಂದು ಜಗಳವಾಗಿ, ಕೊನೆಗೆ ‘ಓಂ ನಮಃ ಶಿವಾಯ’ ಎಂದು ನಿಧಾನವಾಗಿ ಒಮ್ಮೆ ಅನ್ನುವಷ್ಟು ಎಂದು ಠರಾಯಿಸಿದೆವು. “ನಮ್ಮಪ್ಪ ಬಡದು ಹೇಳಿದರೂ ನಾ ಇಷ್ಟು ಶಿವನಾಮ ಅಂದಿದ್ದಿಲ್ಲಲೇ” ಎಂದು ನಿನ್ನ ಅಪ್ಪ ನಕ್ಕಿದ್ದ.

ಅವನಿಗೆ ಅದು ಆಟ. ನನಗೆ ಸಿದ್ಧಾಂತ. ನಮ್ಮ ಕಡೆ ಆಗ ದೊಡ್ಡ ಸುದ್ದಿಗಳೆಲ್ಲ ಬಾಯಿಂದಲೇ ಹೋಗುತ್ತಿದ್ದವು. ಜಡ್ಡು, ಸಾವಿನ ಸುದ್ದಿಯಂತೂ ಒಬ್ಬ ಮನುಷ್ಯನೇ ಹೋಗಿ ಅಂಗಳದಲ್ಲಿ ನಿಂತು ಹೇಳಬೇಕು. ನಾನು ವಾದಿಸುತ್ತಿದ್ದೆ — ಬಾಯಿ ಮಾತು ಹಾದಿಯಲ್ಲಿ ಬೆಳೆಯುತ್ತದೆ, ಹೇಳುವವನ ಅಂಜಿಕೆ, ಆಸೆ ಎಲ್ಲ ಅದಕ್ಕೆ ಅಂಟಿಕೊಳ್ಳುತ್ತವೆ. ಬೆಳಕಿಗೆ ಗಂಟಲಿಲ್ಲ, ಅದು ನಡುಗುವುದಿಲ್ಲ, ಇದ್ದದ್ದನ್ನು ಇದ್ದಷ್ಟೇ ಒಯ್ಯುತ್ತದೆ. ನಿನ್ನ ಅಪ್ಪ ವೀಳ್ಯ ಮಡಚುತ್ತ ಕೇಳಿಸಿಕೊಂಡು ಅಂದದ್ದು:

“ಅದ ನನಗ ಅಂಜಿಕಿ ನೋಡು. ಬಾಯಿಲೆ ಹೇಳಿದ್ರ ಅಂವಾ ಸುಳ್ಳ ಹೇಳಾಕತ್ತಾನೋ, ಖರೇ ಹೇಳಾಕತ್ತಾನೋ ದನಿಯಾಗ ತಿಳೀತೈತಿ. ನಿನ್ನ ಮೂರು ಮಿಣುಕಿನಾಗ ಏನ್ ತಿಳೀಬೇಕು?”

ವೀಳ್ಯ ಬಾಯಿಗಿಟ್ಟು ಅವನೇ ತಿದ್ದಿಕೊಂಡ: “ಆದ್ರ ನಿನ್ನ ಕೈ ಗುರ್ತ ಐತಿ ನನಗ. ಮೂರನೇದ್ದು ನೀ ಯಾವಾಗಲೂ ಲಗೂನ ಮುಚ್ಚತಿ. ಕೆಳಗ ಇಳಿಯೂ ಗಡಿಬಿಡಿ.”

ನಾನು ನಕ್ಕು ಬಿಟ್ಟೆ. ಈ ಮಾತನ್ನು ನೆನಪಿಡು, ಗಿರಿಜಾ. ಮುಂದೆ ಬರುತ್ತದೆ.

ನನ್ನ ತಂಗಿ ನೀಲವ್ವ, ನಿನ್ನ ಅವ್ವ, ಅವನನ್ನು ಮದುವೆಯಾದದ್ದೂ ಈ ಕನ್ನಡಿಯ ಗೆಳೆತನದಿಂದಲೇ ಎನ್ನಬೇಕು. ಮದುವೆಗೆ ಮೊದಲೇ ಅವಳು ಮಾಳಿಗೆಯ ಮೇಲೆ ಸಂಡಿಗೆ ಒಣಗಿಸುವ ನೆಪದಲ್ಲಿ ನಿಂತು ನಮ್ಮ ಗುರುತುಗಳನ್ನೆಲ್ಲ ಕಲಿತಿದ್ದಳು. ನರಗುಂದದ ಅರಸ ಇಂಗ್ರೇಜರ ಮೇಲೆ ಎದ್ದು ಗದ್ದಲವಾಯಿತಲ್ಲ, ಅದಕ್ಕೆ ಎರಡು ವರ್ಷ ಮೊದಲು ನೀನು ಹುಟ್ಟಿದ್ದು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ರೂಢಿ. ಆದರೂ ನಿನ್ನ ಅಪ್ಪನಿಗೆ ಯಾಕೋ ಮನಸ್ಸಿರಲಿಲ್ಲ. ಅವನ ಸೋದರತ್ತೆ ಗಡದಲ್ಲಿ ಹೆಸರಾದ ಸೂಲಗಿತ್ತಿ. ಅವಳ ಕೈಯಲ್ಲೇ ಆಗಲಿ ಎಂದ. ನಾನು ಬಿಡಲಿಲ್ಲ. “ನಾ ಇರ್ತೀನಿ. ದಿನಾ ಮುಂಜಾನೆ ಕನ್ನಡಿ ತೋರಸ್ತೀನಿ. ನೀ ಗುಡ್ಡದ ಮ್ಯಾಲೆ ಕುಂತು ಹೆಂಡ್ತಿ ಕ್ಷೇಮ ನೋಡ್ಕೋ. ಇದಕ್ಕಿಂತ ಏನ್ ಬೇಕು?” ಎಂದೆ. ಅವನು ಒಪ್ಪಿದ. ಮಾತು ಕೊಟ್ಟವನು ನಾನು.

ನೀನು ಹುಟ್ಟಿದೆ. ಹೆರಿಗೆ ಸುಸೂತ್ರವಾಯಿತು. ದಿನವೂ ಬೆಳಿಗ್ಗೆ ನಾನು ಮೂರು ಮಿಣುಕು ತೋರಿಸುತ್ತಿದ್ದೆ. ಮಧ್ಯಾಹ್ನ ಗಡದ ಗುಡ್ಡದಿಂದ ಮೂರು ಮಿಣುಕು ಬರುತ್ತಿದ್ದವು. ಒಳಗೆ ಬಾಣಂತಿಯ ಕೋಣೆಗೆ ಹೋಗಿ ಹೇಳಿದರೆ ನಿನ್ನ ಅವ್ವ ನಿನ್ನ ಕಿವಿಯಲ್ಲಿ “ನಿಮ್ಮಪ್ಪ ಕಣ್ಣ ಹೊಡದ್ರಂತ” ಎಂದು ಪಿಸುಗುಡುತ್ತಿದ್ದಳು. ನಿನ್ನನ್ನು ನೋಡಲು ಅವನು ಬಂದು ಹೋದ ಮೇಲೂ ಹಾಗೇ ನಡೆಯಿತು.

ಆಮೇಲೆ ಒಂದು ದಿನ ಅವಳಿಗೆ ಜ್ವರ ಬಂತು.

ಯುಗಾದಿ ಕಳೆದು ಸ್ವಲ್ಪ ದಿನವಾಗಿತ್ತು. ಜೋಳದ ರಾಶಿ ಮುಗಿದು ಎರೆಹೊಲವೆಲ್ಲ ಬಾಯಿ ಬಿಟ್ಟು, ಗಾಳಿಯಲ್ಲಿ ಧೂಳು ಇತ್ತು — ಇದು ನಿಜ, ಇದನ್ನು ನಾನು ಕಟ್ಟಿದ್ದಲ್ಲ. ರಾತ್ರಿಯೆಲ್ಲ ಅವಳು ನಡುಗಿದಳಂತೆ. ಬೆಳಿಗ್ಗೆ ಅವ್ವ ನನ್ನ ಹತ್ತಿರ ಬಂದು, “ಗುರಪ್ಪಾ, ಬಾಣಂತಿ ಜ್ವರ ಚಲೋ ಅಲ್ಲೋ. ಯಲ್ಲಪ್ಪನ್ನ ಕುದುರಿ ಮ್ಯಾಲೆ ಗಡಕ್ಕ ಕಳಸು. ಅಳಿಯಾ ತನ್ನ ಅತ್ತೀನ ಕರಕೊಂಡು ಬರಲಿ” ಅಂದಳು. ಯಲ್ಲಪ್ಪ ನಮ್ಮ ಮನೆಯ ಆಳು.

“ಯಲ್ಲಪ್ಪ ಹೋಗಿ ಮುಟ್ಟೂದ್ರಾಗ ಹೊತ್ತು ನೆತ್ತಿಗೆ ಬರ್ತೈತಿ ಬೇ. ನಾ ಈಗಿಂದೀಗ ಹೇಳ್ತೀನಿ” ಎಂದೆ. ಆ ಮಾತಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಆವತ್ತಾದರೂ ನನ್ನ ಕನ್ನಡಿಯ ಬೆಲೆ ಈ ಮನೆಗೆ ತಿಳಿಯುತ್ತದೆ ಎಂಬ — ಬರೆಯಲು ಕೈ ಹಿಂಜರಿಯುತ್ತದೆ, ಆದರೆ ಇತ್ತು.

ಮಾಳಿಗೆ ಹತ್ತುವ ಮೊದಲು ಕೋಣೆಯ ಬಾಗಿಲಲ್ಲಿ ನಿಂತು ನೋಡಿದೆ. ಅವಳು ಕಣ್ಣು ಬಿಟ್ಟಿದ್ದಳು. ಮುಖ ಕೆಂಪಾಗಿತ್ತು, ಆದರೆ ನನ್ನನ್ನು ನೋಡಿ ನಕ್ಕಳು. ಆ ನಗುವಿನಿಂದ ನಾನು ಏನು ತಿಳಿದುಕೊಂಡೆ? ಇಳಿಯುತ್ತಿದೆ ಎಂದೇ? ಇಲ್ಲಿಂದ ಮುಂದೆ ನನ್ನ ನೆನಪು ಎರಡಾಗುತ್ತದೆ.

ಒಂದು ನೆನಪಿನಲ್ಲಿ ನಾನು ಮೊರ ತೆಗೆದು, ಓಂ ನಮಃ ಶಿವಾಯ ಎಂದು ನಿಧಾನವಾಗಿ ಅಂದು, ಮತ್ತೆ ಮುಚ್ಚುತ್ತೇನೆ. ಉದ್ದನೆಯ ಬೆಳಕು. ಅಷ್ಟೇ.

ಇನ್ನೊಂದು ನೆನಪಿನಲ್ಲಿ ಮೊರ ಹಿಡಿದು ನಿಂತೇ ಇದ್ದೇನೆ. ಉದ್ದನೆಯದನ್ನು ತೋರಿಸಿದರೆ ಅವನು ಅಂಗಡಿ ಬಿಟ್ಟು, ಅತ್ತೆಯನ್ನು ಕಟ್ಟಿಕೊಂಡು ಬಿಸಿಲಲ್ಲಿ ಓಡಿ ಬರುತ್ತಾನೆ. ಬರುವಷ್ಟರಲ್ಲಿ ಜ್ವರ ಬಿಟ್ಟಿದ್ದರೆ ನಗುತ್ತಾನೆ. ಬಿಡದಿದ್ದರೆ — ‘ನಿನ್ನ ಮಾತು ಕೇಳಿ ಇಲ್ಲಿ ಬಿಟ್ಟೆ’ ಎನ್ನುತ್ತಾನೆ. ಆ ಅತ್ತೆ ನನ್ನ ಮುಖ ನೋಡುತ್ತಾಳೆ. ಇವತ್ತೊಂದು ದಿನ ನೋಡೋಣ, ನಾಳೆ ಬೇಕಾದರೆ... ಮತ್ತು ಕೈ ಮೂರು ಸಲ ಆಡುತ್ತದೆ.

ಯೋಚಿಸಿ ಆಡಿತೋ, ದಿನದ ರೂಢಿಯಿಂದ ತಾನೇ ಆಡಿತೋ? ಗೊತ್ತಿಲ್ಲ. ಸಾಕ್ಷಿ ಇಲ್ಲದೆ ಏನನ್ನೂ ನಂಬಬೇಡ ಎಂದು ಕಾಲೇಜಿನಲ್ಲಿ ಕಲಿತವನು ನಾನು. ಆದರೆ ಮಾಳಿಗೆಯ ಮೇಲೆ ಸಾಕ್ಷಿ ನಾನೊಬ್ಬನೇ. ಆ ಸಾಕ್ಷಿ ನಂಬಿಕೆಗೆ ಅರ್ಹನಲ್ಲ.

ಕೆಳಗೆ ಇಳಿದು ಬಂದಾಗ ಕೋಣೆಯಿಂದ ಅವಳು ಕೂಗಿದಳು.

“ಅಣ್ಣಾ, ಉದ್ದಂದು ತೋರಿಸಿದಿ?”

“ತೋರಿಸೀನಿ.”

ಅವಳು ಮತ್ತೆ ಕೇಳಿದಳು: “ನಿನ್ನ ದನಿ ಯಾಕ ಹಿಂಗ ಐತಿ?”

“ಮಾಳಿಗಿ ಇಳದು ಬಂದೀನಲ್ಲ, ದಮ್ಮ ಹತ್ತೇತಿ” ಎಂದೆ.

ಗಿರಿಜಾ, ಈ ನಾಲ್ಕು ಮಾತು ನನಗೆ ಬಾಯಿಪಾಠ. ಇವುಗಳಲ್ಲಿ ಒಂದೂ ಎರಡಾಗಿ ನೆನಪಾಗುವುದಿಲ್ಲ. ನಿನ್ನ ಅಪ್ಪ ಹೇಳಿದ್ದು ಸರಿಯಾಗಿತ್ತು — ದನಿಯಲ್ಲಿ ತಿಳಿಯುತ್ತದೆ. ಜ್ವರದಲ್ಲಿ ಮಲಗಿದ್ದ ಅವಳಿಗೆ ಗೋಡೆಯ ಆಚೆಯಿಂದಲೇ ತಿಳಿಯಿತು. ಆದರೆ ಅಣ್ಣನ ಮಾತು ನಂಬಿದಳು.

ದಿನವಿಡೀ ಕಾದಳು. ಅವಳ ಲೆಕ್ಕದಲ್ಲಿ ಅವನು ಬೆಳಿಗ್ಗೆಯೇ ಹೊರಟಿದ್ದ. ಓಣಿಯಲ್ಲಿ ಕುದುರೆಯ ಸಪ್ಪಳವಾದಾಗಲೆಲ್ಲ ತಲೆ ಎತ್ತುವಳು. “ಅತ್ತೀನ ಕರಕೊಂಡು ಬಂಡ್ಯಾಗ ಬರಾಕತ್ತಾರ ಏನೋ, ಅದಕ್ಕ ತಡಾ” ಎಂದು ತಾನೇ ಹೇಳಿಕೊಂಡಳು. ಮಧ್ಯಾಹ್ನ ಕಳೆಯಿತು. ಗಡದವರು ಹೇಳುವ ಹೊತ್ತು ಬಂತು. ನಾನು ಮಾಳಿಗೆ ಹತ್ತಲಿಲ್ಲ.

ಇದು ನನಗೆ ಖಚಿತ. ಆವತ್ತೊಂದು ದಿನ ಮಾತ್ರ ನಾನು ಉತ್ತರ ನೋಡಲು ಹೋಗಲಿಲ್ಲ. ಉದ್ದನೆಯ ಬೆಳಕು ತೋರಿಸಿದವನು, ಅದು ಮುಟ್ಟಿತೋ ಇಲ್ಲವೋ ಎಂದು ನೋಡದೆ ಕೂರುತ್ತಾನೆಯೇ? ಬೇರೆ ಯಾರಾದರೂ ಈ ಕಥೆ ಹೇಳಿದ್ದರೆ ನಾನು ಅವರನ್ನು ಇದೇ ಪ್ರಶ್ನೆ ಕೇಳುತ್ತಿದ್ದೆ. ನನ್ನನ್ನು ನಾನು ಕೇಳಿಕೊಳ್ಳಲು ಇಷ್ಟು ವರ್ಷ ಬೇಕಾದವು.

ಮರುದಿನ ಅಕಾಲದ ಮೋಡ ಕವಿಯಿತು. ಸೂರ್ಯನೇ ಇಲ್ಲ. ನಾನು ಅಂಗಳದಲ್ಲಿ ನಿಂತು ಆಕಾಶ ನೋಡುತ್ತಿದ್ದಾಗ ಅವ್ವ ಹೊರಗೆ ಬಂದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ.

“ನಿನ್ನ ಕನ್ನಡಿ ನನಗ ಬ್ಯಾಡ. ಬಾಯಿ ಇದ್ದಾಂವ ಹೋಗಲಿ” ಎಂದು ಯಲ್ಲಪ್ಪನನ್ನು ತಾನೇ ಕೂಗಿದಳು. ಅವನು ಜೀನು ಹಾಕುವುದನ್ನು ನೋಡುತ್ತ ನಿಂತೆ. ಆಗಲಾದರೂ ‘ನಿನ್ನೆ ನಾನು ಹೇಳಿರಲಿಲ್ಲ, ಅವ್ವಾ’ ಎನ್ನಬಹುದಿತ್ತು. ಒಳಗೆ ಹೋಗಿ ‘ಅವನಿಗೆ ಗೊತ್ತಾಗಿಲ್ಲ ನೀಲಾ, ಅದಕ್ಕೇ ಬಂದಿಲ್ಲ’ ಎಂದಿದ್ದರೆ ಸಾಕಿತ್ತು. ಅವಳ ಜೀವ ಉಳಿಯುತ್ತಿತ್ತೋ ಇಲ್ಲವೋ — ಆ ಜ್ವರದಿಂದ ಎದ್ದವರು ಕಡಿಮೆ, ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಗಂಡ ಕರೆದರೂ ಬರಲಿಲ್ಲ ಎಂಬ ಒಂದು ಯೋಚನೆಯಿಂದ ಅವಳನ್ನು ಬಿಡಿಸಬಹುದಿತ್ತು. ನಡು ಹಗಲಿಗೆ ಅವಳು ಹೋದಳು. ಕೊನೆಗೆ ಅವಳು ಆಡಿದ್ದು, “ಬರೂದಿಲ್ಲೇನೋ ಅವ್ರು.” ಅವ್ವನಿಗೆ ಹೇಳಿದಳೋ, ನನಗೋ... ನನ್ನ ಕಡೆ ನೋಡುತ್ತಿದ್ದಳು.

ಸಂಜೆ ನಿನ್ನ ಅಪ್ಪ ಬಂದ. ಕುದುರೆಯ ಬಾಯಲ್ಲಿ ನೊರೆ. ಅತ್ತೆ ಬಂಡಿಯಲ್ಲಿ ಹಿಂದೆ ಬರುತ್ತಿದ್ದಳು. ಅಂಗಳದಲ್ಲಿ ಕೂತ ಮಂದಿಯನ್ನು ನೋಡಿದ ಕೂಡಲೇ ಅವನಿಗೆ ತಿಳಿಯಿತು. ಒಳಗೆ ಹೋಗಿ ಬಹಳ ಹೊತ್ತು ಕೂತಿದ್ದ. ಆಮೇಲೆ ಹೊರಗೆ ಬಂದು ಬಾಗಿಲ ಚೌಕಟ್ಟು ಹಿಡಿದು ನನ್ನನ್ನು ಕೇಳಿದ. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಹಾದಿ ತಪ್ಪಿದವನು ಹಾದಿ ಕೇಳುವ ಹಾಗಿತ್ತು.

“ನಿನ್ನೆ ಮುಂಜಾನೆ ನೀ ಮೂರು ತೋರಿಸಿದೆಲ್ಲೋ ಗುರ್ಯಾ?”

ಅವ್ವ ನನ್ನ ಹಿಂದೆಯೇ ನಿಂತಿದ್ದಳು.

“ಇಲ್ಲ” ಎಂದೆ. “ಉದ್ದಂದು ತೋರಿಸಿದ್ದೆ. ಧೂಳಿತ್ತು ನೋಡು. ನಡುವ ಧೂಳ ಬಂದು, ನಿನಗ ಮೂರು ತುಂಡಾಗಿ ಕಂಡಿರಬೇಕು.”

ಅವನು ನನ್ನ ಮುಖ ನೋಡಿದ. ನೆಲ ನೋಡಿದ. ಅವನ ಬೆರಳುಗಳು ಚೌಕಟ್ಟಿನ ಮೇಲೆ ಮೆಲ್ಲಗೆ ಮೂರು ಸಲ ಬಡಿದವು.

“ಮೂರನೇದ್ದು ತಡಾ ಮುಚ್ಚಿತು. ನಾ ಅಂದ್ಕೊಂಡೆ, ಇವತ್ತ ಯಾಕ ಇಂವಾ ಗಡಿಬಿಡಿ ಮಾಡಲಿಲ್ಲ ಅಂತ” ಎಂದ. ಆಮೇಲೆ, ತನಗೇ ಹೇಳಿಕೊಳ್ಳುವಂತೆ: “ಹೌದು. ಧೂಳಿತ್ತು. ನೀ ಓದಿದಾಂವ, ನಿನಗ ಗೊತ್ತಿರತೈತಿ. ನನ್ನ ಕಣ್ಣ ತಪ್ಪಿತು.”

ಅವನು ನನ್ನ ಕೈಯ ಗುರುತು ಹಿಡಿದಿದ್ದ! ಬೆಳಕಿಗೆ ಗಂಟಲಿಲ್ಲ ಎಂದವನು ನಾನು. ನನ್ನ ಕೈ ಮೂರನೆಯ ಮಿಣುಕಿನಲ್ಲಿ ಹಿಂಜರಿದದ್ದನ್ನು, ಅಷ್ಟು ದೂರದ ಬಂಡೆಯ ಮೇಲೆ ಕೂತವನು ಧೂಳಿನಲ್ಲೂ ಕಂಡಿದ್ದ. ಆ ಕಣ್ಣಿಗೆ ‘ನೀನೇ ತಪ್ಪಿದೆ’ ಎಂದು ನಾನು ಹೇಳಿದೆ. ಅದು ನಂಬಿತು.

ಅವನು ಹೇಗೆ ಬದುಕಿದ ಎಂಬುದು ನನಗಿಂತ ನಿನಗೆ ಹೆಚ್ಚು ಗೊತ್ತು. ಮತ್ತೆ ಗುಡ್ಡ ಹತ್ತಲಿಲ್ಲ. ಕನ್ನಡಿ ಮನೆಯಲ್ಲಿ ಇಡಲಿಲ್ಲ. ಕ್ಷೌರದವನ ಎದುರಿಗೆ ಕಣ್ಣು ಮುಚ್ಚಿ ಕೂರುತ್ತಿದ್ದನಂತೆ. ಸೀರೆ ಮಾರುವವನು ಬಣ್ಣಕ್ಕೆ ತನ್ನ ಕಣ್ಣು ನಂಬಲಿಲ್ಲ. ‘ಈ ದಡಿ ಕೆಂಪೋ ಕಂದೋ, ನೀ ನೋಡಿ ಹೇಳವ್ವಾ’ ಎಂದು ನಿನ್ನನ್ನು ಅಂಗಡಿಗೆ ಕರೆಯುತ್ತಿದ್ದ. ನೂಲಿನ ಲಡಿಯನ್ನು ಮತ್ತೊಬ್ಬರ ಕೈಯಲ್ಲಿ ಮತ್ತೊಮ್ಮೆ ಎಣಿಸುತ್ತಿದ್ದ. ನೇಕಾರರು “ಸಾಹುಕಾರ್ರಿಗೆ ನಮ್ಮ ಮ್ಯಾಲೆ ಸಂಶೆ” ಎಂದು ಬೇಜಾರಾಗುತ್ತಿದ್ದರು. ಅವರ ಮೇಲೆ ಅಲ್ಲ, ಗಿರಿಜಾ. ತನ್ನ ಮೇಲೆ. ನಿನ್ನ ಮದುವೆಯಲ್ಲಿ ಅಕ್ಕಿಕಾಳು ಹಾಕುವ ಹೊತ್ತಿಗೆ ಅವನು ನನ್ನ ಕಿವಿಯಲ್ಲಿ, “ನೀ ಚಲೋತ್ನ್ಯಾಗ ನೋಡು, ವರನ ಮಾರಿ ಹ್ಯಾಂಗೈತಿ? ನನಗ ತಿಳಿಯಾಂಗಿಲ್ಲ” ಅಂದ. ಸೋದರಮಾವನಾಗಿ ನಿನ್ನನ್ನು ಎತ್ತಿಕೊಂಡು ಮಂಟಪಕ್ಕೆ ತಂದ ಕೈ ನನ್ನದೇ.

ಇಷ್ಟು ವರ್ಷ ನಾನು ಏನು ಮಾಡಿದೆ? ಅದೇ ಮಾತನ್ನು ಮತ್ತೆ ಮತ್ತೆ ಹೇಳಿದೆ. ಅವ್ವನಿಗೆ, ನೆಂಟರಿಗೆ, ನನ್ನ ಹೆಂಡತಿಗೆ. ಹೇಳಿದ ಹಾಗೆಲ್ಲ ಚಿತ್ರ ಗಟ್ಟಿಯಾಯಿತು — ಮೊರ, ಶಿವನಾಮ, ಉದ್ದನೆಯ ಬೆಳಕು. ಎಷ್ಟು ಗಟ್ಟಿ ಎಂದರೆ ಕೊನೆಗೆ ನನಗೇ ನಂಬಿಕೆ ಬಂತು. ಸುಳ್ಳುಗಾರನಾಗಿ ಉಳಿದಿದ್ದರೆ ಎಂದಾದರೂ ಒಪ್ಪಿಕೊಳ್ಳುತ್ತಿದ್ದೆನೋ ಏನೋ. ನಂಬಿದವನಿಗೆ ಒಪ್ಪಿಕೊಳ್ಳಲು ಏನೂ ಉಳಿಯುವುದಿಲ್ಲ.

ಹೋದ ವರ್ಷ ಅವನು ಹಾಸಿಗೆ ಹಿಡಿದಾಗ ನೀನು ಹೇಳಿ ಕಳಿಸಿದೆ, ನಾನು ಬಂದೆ. ಅವನು ನನ್ನ ಕೈ ಹಿಡಿದು, “ನೀಲಿ ಕರದ್ಲು, ನಾ ನೋಡಲಿಲ್ಲ ಗುರ್ಯಾ. ಮ್ಯಾಲೆ ಹೋದ ಮ್ಯಾಲೆ ಏನಂತ ಹೇಳಲಿ?” ಎಂದ. ನಡುವೆ ಎರೆಹೊಲವಿರಲಿಲ್ಲ, ಧೂಳಿರಲಿಲ್ಲ. ಅವನ ಕಿವಿ ನನ್ನ ಬಾಯಿಯ ಹತ್ತಿರವೇ ಇತ್ತು. ನಾನು ಅವನ ಹೊದಿಕೆ ಸರಿಮಾಡಿದೆ.

ಅವನು ಹೋದ ಮೇಲೆ ಕೆಲಸದ ಮೇಲೆ ಮುಂಬಯಿಗೆ ಹೋಗಿದ್ದೆ. ಅಲ್ಲಿ ಒಬ್ಬ ಪರಿಚಯದವರ ವ್ಯಾಪಾರದ ಪೇಢಿಯಲ್ಲಿ ಟೆಲಿಫೋನು ಬಂದಿದೆ. ತಂತಿಯಲ್ಲಿ ಈಗ ಕಟಕಟ ಸದ್ದಲ್ಲ, ದನಿಯೇ ಬರುತ್ತದೆ. ಕಿವಿಗೆ ಹಿಡಿದು ಕೇಳಿ ಎಂದು ಕೊಟ್ಟರು. ಊರಿನ ಆ ತುದಿಯಿಂದ ಅವರ ತಮ್ಮ ಮಾತಾಡುತ್ತಿದ್ದ. ಮಾತು ಅಷ್ಟು ಸ್ಪಷ್ಟವಿರಲಿಲ್ಲ. ನಮ್ಮ ಮೂರು ಮಿಣುಕು ಅದಕ್ಕಿಂತ ಸ್ಪಷ್ಟ. ಆದರೆ ಅವನು ಕೆಮ್ಮಿದ್ದು ಕೇಳಿತು. ಉಸಿರೆಳೆದದ್ದು ಕೇಳಿತು. ಮಾತಿನ ನಡುವೆ ಏನೋ ಹೇಳಲು ಹೋಗಿ ತಡೆದದ್ದು ಸಹ ಕೇಳಿತು. “ನಿನ್ನ ದನಿ ಯಾಕ ಹಿಂಗ ಐತಿ?” — ಯಾರು ಅಂದರೋ. ಯಾರೂ ಅಂದಿರಲಿಲ್ಲ. ನಾನು ಆ ಕೊಳವೆಯನ್ನು ಕೆಳಗಿಟ್ಟು ಹೊರಗೆ ಬಂದೆ.

ಊರಿಗೆ ಬಂದವನೇ, ಎಂದೋ ಮಾಡಬೇಕಾ­ಗಿದ್ದ ಒಂದು ಪರೀಕ್ಷೆ ಮಾಡಲು ನಿರ್ಧರಿಸಿದೆ. ಯುಗಾದಿ ಕಳೆಯುವವರೆಗೆ ಕಾದೆ. ಅದೇ ಹವೆ, ಅದೇ ಧೂಳು ಬೇಕಾಗಿತ್ತು. ಹಳೆಯ ಕನ್ನಡಿ, ಮೊರ, ಕೋಲು ಮಾಳಿಗೆಯ ಮೇಲೆ ಹೊಂದಿಸಿ ಹೆಂಡತಿಗೆ ತೋರಿಸಿಕೊಟ್ಟೆ. ದಿನಾ ಬೆಳಿಗ್ಗೆ ಮೊರ ತೆಗೆದು, ಓಂ ನಮಃ ಶಿವಾಯ ಎಂದು ನಿಧಾನವಾಗಿ ಅಂದು ಮುಚ್ಚಬೇಕು. ಸ್ವಲ್ಪ ಬಿಟ್ಟು ಮತ್ತೆ ಹಾಗೇ. “ಮದ್ವಿ ಆದಾಗ ಒಂದು ಕನ್ನಡಿ ತಂದು ಕೊಡ್ಲಿಲ್ಲ, ಹಲ್ಲ ಬಿದ್ದ ಮ್ಯಾಲೆ ಹಿಡಸಾಕತ್ತೀರಿ” ಎಂದು ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಮೊರ ಕೈಗೆ ತೆಗೆದುಕೊಂಡಳು.

ಆಗಲೇ ನಾನು ಗಡದಲ್ಲಿ ನಿಮ್ಮ ಮನೆಗೆ ಬಂದು ನಾಲ್ಕಾರು ದಿನ ಇದ್ದದ್ದು. ಬೆಳಕು ಹರಿಯುತ್ತಲೇ ನಾನು ಹೊರಟು ನಿಂತರೆ, “ಮಾವಾ, ಈ ಮೊಣಕಾಲ ನೋವಿನ್ಯಾಗ ಗುಡ್ಡಕ್ಕ ಯಾಕ್ರಿ?” ಎಂದು ಕೇಳಿದೆ ನೀನು. “ಹವಾ ಚಲೋ ಇರತೈತವ್ವಾ” ಎಂದೆ. ನೀನು ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟೆ. ಅದನ್ನು ನಿನ್ನ ಅಪ್ಪ ಕೂರುತ್ತಿದ್ದ ಬಂಡೆಯ ಮೇಲೆ ಕೂತು ಬಿಚ್ಚಿದೆ. ತಿನ್ನಲು ಆಗಲಿಲ್ಲ.

ಇದನ್ನು ನಾನು ಬಾಯಿಂದಲೇ ಹೇಳಬೇಕಿತ್ತು, ನಿನ್ನ ಎದುರಿಗೆ. ಮತ್ತೆ ಬರೆಯುತ್ತ ಕೂತಿದ್ದೇನೆ — ಬರಹ ನಡುಗುವುದಿಲ್ಲ ಎಂಬ ಹಳೆಯ ಆಸೆಯಿಂದಲೇ ಇರಬೇಕು. ಆದ್ದರಿಂದ ಇದನ್ನು ಯಾರ ಕೈಯಲ್ಲೂ ಕಳಿಸುವುದಿಲ್ಲ. ಬರುವ ವಾರ ಗಡಕ್ಕೆ ಬಂದು ನಿನ್ನ ಮುಂದೆ ಕೂತು ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ. ದನಿ ಎಲ್ಲಿ ನಿಲ್ಲುತ್ತದೋ ಅಲ್ಲಿ ನಿಲ್ಲಲಿ. ನಿನಗೆ ಅದೂ ಕೇಳಬೇಕು. ಕೇಳಿದ ಮೇಲೆ ನೀನು ನನ್ನನ್ನು ಮನೆಯಿಂದ ಕಳಿಸಿದರೆ ಹೋಗುತ್ತೇನೆ. ನಿನ್ನ ಮಕ್ಕಳಿಗೆ ಅಜ್ಜನ ಕಥೆ ಹೇಳುವಾಗ ಮಾತ್ರ ಅವನ ಕಣ್ಣಿನ ಮಾತು ಬಿಟ್ಟುಬಿಡು, ನನ್ನದನ್ನು ಹೇಳು.

ನಾನು ಯಾಕೆ ಹಾಗೆ ಮಾಡಿದೆ ಎಂಬುದು ಇವತ್ತಿಗೂ ನನಗೆ ಖಚಿತವಿಲ್ಲ. ಸೊಕ್ಕೋ, ಅಂಜಿಕೆಯೋ, ಕೈಯ ರೂಢಿಯೋ. ಅದನ್ನು ಪರೀಕ್ಷೆ ಮಾಡುವ ಬಗೆ ಯಾವ ಶಾಸ್ತ್ರದಲ್ಲೂ ಇಲ್ಲ. ಪರೀಕ್ಷೆ ಮಾಡಬಹುದಾದದ್ದು ಒಂದೇ ಇತ್ತು, ಅದನ್ನು ಮಾಡಿದ್ದೇನೆ. ಮೊದಲ ದಿನ ಧೂಳು ಸ್ವಲ್ಪವೇ ಇತ್ತು. ಕೊನೆಯ ದಿನ ಪಡುವಣ ಗಾಳಿ ಎದ್ದು, ಎರೆಹೊಲವೇ ಮೇಲಕ್ಕೆ ಬಂದ ಹಾಗೆ, ರೋಣ ಎಲ್ಲಿದೆ ಎಂಬುದೇ ಕಾಣದಷ್ಟು ಕವಿದಿತ್ತು. ಅಂಥ ಧೂಳು ಆವತ್ತು ಖಂಡಿತ ಇರಲಿಲ್ಲ. ಆ ಧೂಳಿನ ನಡುವೆ ಬೆಳಕು ಹುಟ್ಟಿತು. ಕೆಂಪಗೆ, ಆರುವ ಕೆಂಡದ ಹಾಗೆ. ನಾನು ಗಟ್ಟಿಯಾಗಿ ಶಿವನಾಮ ಅನ್ನತೊಡಗಿದೆ. ಮುಗಿಯುವವರೆಗೂ ಅದು ಹಾಗೇ ಇತ್ತು. ಮತ್ತೆ ಬಂತು, ಮತ್ತೆ ಹಾಗೇ ಇತ್ತು. ಎಲ್ಲ ದಿನಗಳಲ್ಲೂ, ಒಂದು ಸಲವೂ ನಡುವೆ ಕಡಿಯಲಿಲ್ಲ.

ಧೂಳು ಬೆಳಕನ್ನು ಮಂಕು ಮಾಡುತ್ತದೆ, ಗಿರಿಜಾ. ತುಂಡು ಮಾಡುವುದಿಲ್ಲ.